ಕಳೆಯುವ ಲೆಕ್ಕದಲ್ಲಿ ಹುಟ್ಟದ ಮಗು

ತಾಳಮದ್ದಳೆಯ ಕೂಟದಲ್ಲಿ ಐವತ್ತು ದಾಟಿದ ಅರ್ಥಧಾರಿಯೊಬ್ಬರು ಅಭಿಮನ್ಯುವಾಗಿ ಕುಳಿತಿರುವ ದೃಶ್ಯ ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ ಹೊಸತಲ್ಲ. ಅಲ್ಲಿ ಬಣ್ಣವಿಲ್ಲ, ಕಿರೀಟವಿಲ್ಲ, ಗೆಜ್ಜೆಯಿಲ್ಲ. ಭಾಗವತರು ಪದವನ್ನು ಹಾಡಿ ನಿಲ್ಲಿಸಿದೊಡನೆ ಬರಿಯ ಮಾತಿನಿಂದಲೇ ಎಳೆಯ ಹುಡುಗನೊಬ್ಬ ಸಭೆಯ ಮುಂದೆ ಬಂದು ನಿಲ್ಲಬೇಕು. ಕೆಲವು ಇರುಳು ಅವನು ಬರುತ್ತಾನೆ. ಚಕ್ರವ್ಯೂಹವನ್ನು ಹೊಗುವ ಬಗೆ ಗೊತ್ತು, ಹೊರಬರುವ ಬಗೆ ಗೊತ್ತಿಲ್ಲ ಎಂದು ದೊಡ್ಡಪ್ಪನ ಮುಂದೆ ಹೇಳುವಾಗ ಅವನ ದನಿಯಲ್ಲಿ ಹೆಮ್ಮೆಯೂ ಅಳುಕೂ ಒಟ್ಟಿಗೆ ಕೇಳಿಸುತ್ತವೆ. ಇನ್ನು ಕೆಲವು ಇರುಳು ಅವನು ಬರುವುದೇ ಇಲ್ಲ. ಅವನ ಬದಲು ಶಾಸ್ತ್ರ ಬಲ್ಲ ಹಿರಿಯರೊಬ್ಬರು ಅಭಿಮನ್ಯುವಿನ ಹೆಸರಿನಲ್ಲಿ ದ್ರೋಣನೊಡನೆ ತರ್ಕ ಹೂಡುತ್ತಾರೆ. ವಾದ ಗೆಲ್ಲುತ್ತದೆ, ಸಭೆ ತಲೆದೂಗುತ್ತದೆ, ಹುಡುಗ ಮಾತ್ರ ಕಾಣೆಯಾಗಿರುತ್ತಾನೆ.

ಬೆಳೆದವರು ಮಗುವಿನ ಪಾತ್ರವನ್ನು ಹೊರುವಾಗ ಎದುರಾಗುವ ಈ ತೊಡಕು ಕೂಟದ ವೇದಿಕೆಗೆ ಮಾತ್ರ ಸೇರಿದ್ದಲ್ಲ. ಇಂದು ನಗರಗಳ ಕಾಲೇಜು ವಿದ್ಯಾರ್ಥಿಗಳು ಮೇಜಿನ ಸುತ್ತ ಕುಳಿತು ಆಡುವ ರೋಲ್‌ಪ್ಲೇಯಿಂಗ್ ಆಟಗಳಲ್ಲಿಯೂ ಅದೇ ತೊಡಕು ಬೇರೆ ಉಡುಪಿನಲ್ಲಿ ಕಾಣಿಸಿಕೊಳ್ಳುತ್ತದೆ. ಈ ಪಾತ್ರದಾಟದ ಕ್ರಮ ಸರಳವಾದದ್ದು. ನಾಲ್ಕಾರು ಮಂದಿ ಸೇರುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವನ್ನು ಹಾಳೆಯ ಮೇಲೆ ಬರೆದುಕೊಳ್ಳುತ್ತಾರೆ. ಗೇಮ್ ಮಾಸ್ಟರ್ ಎನಿಸಿಕೊಂಡವರು ಭಾಗವತರಂತೆ ಕಥೆಯ ಎಳೆಯನ್ನು ಹಿಡಿದು ಸನ್ನಿವೇಶವನ್ನು ವರ್ಣಿಸುತ್ತಾರೆ. ಉಳಿದವರು ತಮ್ಮ ತಮ್ಮ ಪಾತ್ರದ ಬಾಯಿಂದ ಮಾತನಾಡುತ್ತಾರೆ. ಪ್ರಸಂಗದ ಕೊನೆ ಅರ್ಥಧಾರಿಗೆ ಮೊದಲೇ ತಿಳಿದಿರುತ್ತದೆ, ಇಲ್ಲಿ ತಿಳಿದಿರುವುದಿಲ್ಲ. ಸಂದೇಹದ ಕಡೆಗಳಲ್ಲಿ ದಾಳ ಉರುಳುತ್ತದೆ, ಕಥೆ ಅದು ತೋರಿದ ದಾರಿಯಲ್ಲಿ ಹೊರಳುತ್ತದೆ. ನೋಡುಗರೆಂಬವರಿಲ್ಲ; ಕಟ್ಟುವವರೇ ಕೇಳುವವರು.

ಈ ಬಗೆಯ ಆಟಗಳಿಗೆ ಮೊದಲ ಮಾದರಿಯಾಗಿ ನಿಂತದ್ದು 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾದ, ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’. ಅದು ಯುದ್ಧದ ಆಟಗಳ ಬಸುರಿನಿಂದ ಬಂದದ್ದು. ಆದುದರಿಂದ ಅಲ್ಲಿಯ ಪಾತ್ರವೆಂದರೆ ಹೋರಾಡಬಲ್ಲ, ಮಂತ್ರ ಹಾಕಬಲ್ಲ, ಹೊಂಡ ಹಾರಬಲ್ಲ ಬೆಳೆದ ಜೀವ. ಪಾತ್ರದ ಹಾಳೆಯಲ್ಲಿ ಬಲಕ್ಕೊಂದು ಅಂಕ, ತಾಳಿಕೆಗೊಂದು ಅಂಕ, ಬುದ್ಧಿಗೊಂದು ಅಂಕ. ಇಂಥ ಚೌಕಟ್ಟಿನೊಳಗೆ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ತರಬೇಕೆಂದು ಯಾರಾದರೂ ಬಯಸಿದರೆ ಕೈಗೆ ಸುಲಭವಾಗಿ ಸಿಗುವ ಉಪಾಯ ಒಂದೇ: ಬೆಳೆದವರ ಹಾಳೆಯನ್ನು ತೆಗೆದುಕೊಂಡು ಅಂಕಗಳನ್ನು ಕಳೆಯುವುದು. ‘ಪಾತ್‌ಫೈಂಡರ್’ ಎಂಬ ಆಟಕ್ಕೆ 2013ರಲ್ಲಿ ಬಂದ ‘ಅಲ್ಟಿಮೇಟ್ ಕ್ಯಾಂಪೇನ್’ ಪುಸ್ತಕ ಎಳೆಯ ಪಾತ್ರಗಳಿಗೆ ಹೇಳಿದ ನಿಯಮ ಹೆಚ್ಚುಕಡಿಮೆ ಇದೇ. ಬಲ, ತಾಳಿಕೆ, ವಿವೇಕಗಳಲ್ಲಿ ತಲಾ ಎರಡು ಕಡಿಮೆ. ಚುರುಕಿನಲ್ಲಿ ಎರಡು ಹೆಚ್ಚು. ವೀರರ ವೃತ್ತಿಗಳು ದೊಡ್ಡವರಾದ ಮೇಲೆ.

ಲೆಕ್ಕವಾಗಿ ಇದರಲ್ಲಿ ತಪ್ಪಿಲ್ಲ. ಹನ್ನೊಂದರ ಹುಡುಗಿ ಇಪ್ಪತ್ತೈದರ ಯೋಧನಷ್ಟು ಭಾರ ಎತ್ತಲಾರಳು ಎಂಬುದು ಸತ್ಯವೇ. ಆದರೆ ಕಳೆಯುವ ಲೆಕ್ಕದಿಂದ ಹುಟ್ಟುವುದು ಕುಳ್ಳನಾದ ದೊಡ್ಡವನು, ಮಗುವಲ್ಲ. ಹಾಳೆ ಹೀಗಿದ್ದಾಗ ಆಟಗಾರ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾನೆ. ಒಂದೋ, ತನ್ನ ವಯಸ್ಸಿನ ವ್ಯಂಗ್ಯವನ್ನೂ ಅನುಭವವನ್ನೂ ಮಗುವಿನ ಬಾಯಲ್ಲಿ ಇಡುತ್ತಾನೆ; ಕೂಟದಲ್ಲಿ ಅಭಿಮನ್ಯು ಕಾಣೆಯಾದಂತೆ ಇಲ್ಲಿಯೂ ಮಗು ಕಾಣೆಯಾಗುತ್ತದೆ. ಇಲ್ಲವೇ, ಹನ್ನೊಂದರ ಹುಡುಗಿಗೆ ಮೂರು ವರ್ಷದ ಕೂಸಿನ ತೊದಲನ್ನು ಕೊಟ್ಟು ಮೇಜಿನ ಸುತ್ತ ನಗು ಎಬ್ಬಿಸುತ್ತಾನೆ. ಹನ್ನೊಂದರ ಯಾವ ಹುಡುಗಿಯೂ ತೊದಲುವುದಿಲ್ಲ. ಅವಳಿಗೆ ಸ್ಪಷ್ಟವಾಗಿ ಮಾತನಾಡಲು ಬರುತ್ತದೆ, ಆ ಮಾತಿಗೆ ಕಿವಿಗೊಡುವವರು ಕಡಿಮೆ. ಮಗುವಿನ ಪಾತ್ರವನ್ನು ಕಟ್ಟುವವನು ಹಿಡಿಯಬೇಕಾದ ಎಳೆ ಇದು. ಮಗುವೆಂದರೆ ಶಕ್ತಿ ಕಡಿಮೆಯಾದ ಮನುಷ್ಯನಲ್ಲ. ಕಂಡದ್ದನ್ನು ಹೇಳಿದರೂ ನಂಬಿಸಲು ಇನ್ನೊಬ್ಬರ ಆಸರೆ ಬೇಕಾದ ಮನುಷ್ಯ.

ಈ ತಿಳಿವಳಿಕೆಯನ್ನು ನಿಯಮವಾಗಿಯೇ ಬರೆದ ಆಟಗಳು ಈಚೆಗೆ ಬಂದಿವೆ. 2018ರ ‘ಕಿಡ್ಸ್ ಆನ್ ಬೈಕ್ಸ್’ ಎಂಬ ಆಟದಲ್ಲಿ ಮಕ್ಕಳಿಗೂ ಹದಿಹರೆಯದವರಿಗೂ ದೊಡ್ಡವರಿಗೂ ಒಂದೊಂದು ಅಂಕದ ಹೆಚ್ಚುವರಿ ದೊರೆಯುತ್ತದೆ, ಆದರೆ ಬೇರೆ ಬೇರೆ ಗುಣಗಳಿಗೆ. ದೊಡ್ಡವರಿಗೆ ಅದು ಬುದ್ಧಿಗೂ ಕೆಚ್ಚಿಗೂ ಸೇರಿದರೆ, ಮಕ್ಕಳಿಗೆ ಮನಸ್ಸು ಗೆಲ್ಲುವ ಗುಣಕ್ಕೂ ಓಡಿ ತಪ್ಪಿಸಿಕೊಳ್ಳುವ ಚಾತುರ್ಯಕ್ಕೂ ಸೇರುತ್ತದೆ. ಯಾರಿಂದಲೂ ಏನನ್ನೂ ಕಳೆದಿಲ್ಲ. ಪ್ರತಿಯೊಂದು ವಯಸ್ಸಿಗೂ ಅದರದೇ ಆದ ಬಲವಿದೆಯೆಂದು ಒಪ್ಪಿಕೊಂಡಂತಾಯಿತು.

ಇದಕ್ಕಿಂತ ಆಳಕ್ಕೆ ಹೋದದ್ದು 2017ರಲ್ಲಿ ಸ್ವೀಡನ್ನಿನ ಫ್ರೀ ಲೀಗ್ ಸಂಸ್ಥೆ ಇಂಗ್ಲಿಷಿನಲ್ಲಿ ಹೊರತಂದ ‘ಟೇಲ್ಸ್ ಫ್ರಮ್ ದ ಲೂಪ್’. ಸಿಮೋನ್ ಸ್ಟೋಲೆನ್‌ಹಾಗ್ ಎಂಬ ಕಲಾವಿದನ ಚಿತ್ರಗಳು ಈ ಆಟಕ್ಕೆ ಮೂಲ. ಕಾಲ, 1980ರ ದಶಕ. ಸ್ಥಳ, ಸ್ಟಾಕ್‌ಹೋಮಿನ ಪಶ್ಚಿಮಕ್ಕಿರುವ ಮೆಲಾರೆನ್ ಸರೋವರದ ದ್ವೀಪಗಳು. ಹೊಲಗದ್ದೆಗಳ ಅಡಿಯಲ್ಲಿ ಸರ್ಕಾರ ಕಟ್ಟಿದ ಬೃಹತ್ ವೈಜ್ಞಾನಿಕ ಯಂತ್ರವೊಂದಿದೆ, ಅದರ ಸುತ್ತ ವಿಚಿತ್ರಗಳು ನಡೆಯುತ್ತಿವೆ, ದೊಡ್ಡವರು ತಮ್ಮ ಕೆಲಸ, ಜಗಳ, ಸಾಲಗಳಲ್ಲಿ ಮುಳುಗಿ ಅದನ್ನು ಕಾಣುತ್ತಿಲ್ಲ, ಕಾಣುವವರು ಮಕ್ಕಳು. ಆಟಗಾರರೆಲ್ಲರೂ ಹತ್ತರಿಂದ ಹದಿನೈದು ವರ್ಷದೊಳಗಿನ ಮಕ್ಕಳ ಪಾತ್ರಗಳನ್ನೇ ಕಟ್ಟಬೇಕು.

ಈ ಆಟದ ಅಂಕಗಣಿತವನ್ನು ಸಾಹಿತ್ಯದ ವಿದ್ಯಾರ್ಥಿ ಛಂದಸ್ಸನ್ನು ನೋಡುವ ಶ್ರದ್ಧೆಯಿಂದ ನೋಡಬಹುದು. ದೇಹ, ತಂತ್ರ, ಹೃದಯ, ಬುದ್ಧಿ ಎಂಬ ನಾಲ್ಕು ಗುಣಗಳಿಗೆ ಹಂಚಲು ಮಗುವಿನ ವಯಸ್ಸು ಎಷ್ಟೋ ಅಷ್ಟು ಅಂಕಗಳು. ಹದಿನೈದರಿಂದ ವಯಸ್ಸನ್ನು ಕಳೆದಾಗ ಉಳಿಯುವಷ್ಟು ಅದೃಷ್ಟದ ಅಂಕಗಳು. ಹತ್ತು ವರ್ಷದ ಮಗುವಿಗೆ ಗುಣಕ್ಕೆ ಹತ್ತು, ಅದೃಷ್ಟಕ್ಕೆ ಐದು. ಹದಿನೈದರ ಹುಡುಗನಿಗೆ ಗುಣಕ್ಕೆ ಹದಿನೈದು, ಅದೃಷ್ಟಕ್ಕೆ ಸೊನ್ನೆ. ಬೆಳೆಯುವುದೆಂದರೆ ಒಂದನ್ನು ಪಡೆಯುತ್ತ ಇನ್ನೊಂದನ್ನು ತೆರುವುದು ಎಂಬ ಮಾತನ್ನು ಕವಿಗಳು ಪುಟಗಟ್ಟಲೆ ಹೇಳಿದ್ದುಂಟು. ಇಲ್ಲಿ ಅದು ಒಂದು ಕೂಡುವ, ಒಂದು ಕಳೆಯುವ ಲೆಕ್ಕದಲ್ಲಿ ಅಡಗಿದೆ. ಹದಿನಾರು ತುಂಬಿದ ದಿನ ಪಾತ್ರ ಆಟವನ್ನು ಬಿಡಬೇಕು. ಇನ್ನೊಂದು ನಿಯಮವೂ ಇದೆ: ಮಕ್ಕಳು ಸಾಯುವುದಿಲ್ಲ. ಹೆದರುತ್ತಾರೆ, ದುಃಖಿಸುತ್ತಾರೆ, ದಣಿಯುತ್ತಾರೆ, ಗಾಯಗೊಳ್ಳುತ್ತಾರೆ, ಮನಸ್ಸು ಮುರಿದು ಕುಳಿತುಕೊಳ್ಳುತ್ತಾರೆ, ಸಾಯುವುದಿಲ್ಲ.

ಹಾಳೆಯ ಉಳಿದ ಭಾಗದಲ್ಲಿ ಅಂಕಗಳಿಲ್ಲ, ಬರೆಯಬೇಕಾದ ವಾಕ್ಯಗಳಿವೆ. ಈ ಮಗುವಿನ ತೊಂದರೆ ಏನು, ಅದನ್ನು ಮುನ್ನಡೆಸುವ ಹಂಬಲ ಯಾವುದು, ಅದರ ಹೆಮ್ಮೆ ಯಾವುದು, ಸದಾ ಜತೆಯಲ್ಲಿರುವ ವಸ್ತು ಯಾವುದು, ಕೊನೆಗೆ ಅದಕ್ಕೆ ಆಸರೆಯಾದ ಹಿರಿಯರು ಯಾರು. ಈ ಕೊನೆಯ ಅಂಕಣವನ್ನು ಅನೇಕರು ಅವಸರದಲ್ಲಿ ‘ಅಮ್ಮ’ ಎಂದೋ ‘ಅಜ್ಜ’ ಎಂದೋ ಗೀಚಿ ಮುಂದೆ ಹೋಗುತ್ತಾರೆ. ಆದರೆ ಆಟದ ಒಳಮರ್ಮ ಅಲ್ಲಿದೆ. ಹೆದರಿದ, ಮುರಿದ ಮಗು ಔಷಧದಿಂದಲೋ ಮಂತ್ರದಿಂದಲೋ ಸುಧಾರಿಸಿಕೊಳ್ಳುವುದಿಲ್ಲ. ತನ್ನ ಆಸರೆಯ ಬಳಿಗೆ ಹೋಗಿ ಕುಳಿತು, ಅವರು ಅಕ್ಕರೆಯಿಂದ ವಿಚಾರಿಸಿಕೊಂಡ ಸನ್ನಿವೇಶವೊಂದನ್ನು ಮೇಜಿನ ಮುಂದೆ ಆಡಿದಾಗಲೇ ಸುಧಾರಿಸಿಕೊಳ್ಳುವುದು. ಆದುದರಿಂದ ಮಗುವಿನ ಪಾತ್ರವನ್ನು ಕಟ್ಟುವವರು ಮೊದಲು ತುಂಬಬೇಕಾದದ್ದು ಈ ಅಂಕಣವನ್ನೇ. ಯಾರು ಕೇಳಿಸಿಕೊಳ್ಳುತ್ತಾರೆ ಎಂಬುದು ಗೊತ್ತಾಗದೆ ಮಗು ಯಾರೆಂಬುದು ಗೊತ್ತಾಗದು.

ಈ ಮಾತು ಪರದೇಶದ ಆಟದ ಪುಸ್ತಕಕ್ಕಷ್ಟೇ ಸಲ್ಲುವುದೇ ಎಂದು ಪರೀಕ್ಷಿಸಲು ಕನ್ನಡ ಐಚ್ಛಿಕದ ವಿದ್ಯಾರ್ಥಿಗಳು ದೂರ ಹೋಗಬೇಕಾಗಿಲ್ಲ. ಅವರ ಪಠ್ಯಗಳಲ್ಲಿಯೇ ಮಕ್ಕಳಿದ್ದಾರೆ.

ಮೊದಲನೆಯವನು ಲಕ್ಷ್ಮೀಶನ ‘ಜೈಮಿನಿ ಭಾರತ’ದ ಲವ. ಅಶ್ವಮೇಧದ ಕುದುರೆಯನ್ನು ಕಟ್ಟಿ ಸೇನೆಯನ್ನೇ ಎದುರಿಸುವ ಈ ಬಾಲಕನ ತೋಳಿನಲ್ಲಿರುವುದು ದೊಡ್ಡವರ ಬಲ. ಅಂಕದ ಭಾಷೆಯಲ್ಲಿ ಹೇಳುವುದಾದರೆ ಅವನ ಹಾಳೆಯಿಂದ ಏನನ್ನೂ ಕಳೆದಿಲ್ಲ. ಆದರೂ ಆ ಭಾಗವನ್ನು ಓದಿದವರ ನೆನಪಿನಲ್ಲಿ ಉಳಿಯುವುದು ಅವನ ಬಾಣಗಳಿಗಿಂತ ಹೆಚ್ಚಾಗಿ ಅವನ ಕೋಪದ ಕಾರಣ. ಕುದುರೆಯ ಹಣೆಯ ಬರಹವನ್ನು ಓದಿದೊಡನೆ ಅವನಿಗೆ ತೋಚುವುದು ರಾಜನೀತಿಯಲ್ಲ. ತಾನು ಸುಮ್ಮನಿದ್ದರೆ ತನ್ನ ತಾಯಿಯನ್ನು ಲೋಕ ಏನೆಂದೀತು ಎಂಬುದು. ಜತೆಯಲ್ಲಿದ್ದ ಮುನಿಕುಮಾರರ ಅಂಜಿಕೆಯನ್ನೂ ಕವಿ ಮರೆಯುವುದಿಲ್ಲ. ಕೆಚ್ಚು ವೀರನದಾದರೂ ಕೆರಳಿದ್ದು ಮಗುವಿನ ಮನಸ್ಸು.

ಎರಡನೆಯವನು ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ದ ಲೋಹಿತಾಶ್ವ. ಹಾವು ಕಚ್ಚಿ ಸತ್ತ ಮಗನನ್ನು ಮಡಿಲಲ್ಲಿಟ್ಟುಕೊಂಡು ಚಂದ್ರಮತಿ ಅಳುವಾಗ ಕಣ್ಣು ಒದ್ದೆಯಾಗದ ಓದುಗನಿಲ್ಲ. ಆದರೆ ಅಲ್ಲಿ ಪರೀಕ್ಷೆ ನಡೆಯುತ್ತಿರುವುದು ತಂದೆಯದು. ಮಗನ ಸಾವೂ ಅವನು ಮರಳಿ ಏಳುವುದೂ ಆ ಪರೀಕ್ಷೆಯ ಅಂಗಗಳು. ಎರಡರಲ್ಲಿಯೂ ಮಗುವಿನ ಮಾತಿಗೆ ಎಡೆಯಿಲ್ಲ. ಕಾವ್ಯದ ಉದ್ದೇಶಕ್ಕೆ ಅದು ಕುಂದಲ್ಲ. ಆಟದ ಮೇಜಿನ ಮುಂದೆ ಮಾತ್ರ ಈ ಮಾದರಿ ಅಪಾಯದ್ದು. ಕಥೆ ಸಪ್ಪೆಯಾಯಿತೆಂದು ಅನಿಸಿದಾಗಲೆಲ್ಲ ಒಂದು ಮಗುವನ್ನು ನೋಯಿಸಿ ಕೇಳುವವರ ಕರುಳನ್ನು ಹಿಂಡುವ ಚಾಳಿ ಕಥೆಗಾರರಿಗೆ ಬಲು ಬೇಗ ಅಂಟುತ್ತದೆ. ಮಕ್ಕಳು ಸಾಯುವುದಿಲ್ಲ ಎಂಬ ಸ್ವೀಡನ್ನಿನ ಆಟದ ನಿಯಮ ಈ ಚಾಳಿಗೆ ಹಾಕಿದ ಬೇಲಿ.

ಮೂರನೆಯವಳು ಹರಿಹರನ ರಗಳೆಯ ಕೋಳೂರ ಕೊಡಗೂಸು. ಊರಿಗೆ ಹೊರಟ ತಂದೆ ದೇವರಿಗೆ ಹಾಲು ಕೊಡುವ ಕೆಲಸವನ್ನು ಮಗಳಿಗೆ ಒಪ್ಪಿಸುತ್ತಾನೆ. ದಿನವೂ ತಂದೆ ಕೊಂಡೊಯ್ದ ಹಾಲನ್ನು ಶಿವ ನಿಜವಾಗಿ ಕುಡಿಯುತ್ತಾನೆಂದೇ ಅವಳು ತಿಳಿದಿದ್ದಾಳೆ. ತನ್ನ ಕೈಯ ಹಾಲನ್ನು ಕುಡಿಯದಿದ್ದಾಗ ಅಂಜುತ್ತಾಳೆ, ಬೇಡುತ್ತಾಳೆ, ಅಳುತ್ತಾಳೆ. ಕೊನೆಗೆ ಶಿವ ಬಂದು ಕುಡಿಯುತ್ತಾನೆ. ಹಿಂದಿರುಗಿದ ತಂದೆಗೆ ಅವಳು ನಡೆದದ್ದನ್ನು ನಡೆದಂತೆ ಹೇಳುತ್ತಾಳೆ. ಅವನು ನಂಬುವುದಿಲ್ಲ. ನಿತ್ಯ ಪೂಜಿಸುವವನಿಗೆ ಪೂಜೆ ಫಲಿಸೀತೆಂಬ ನಂಬಿಕೆಯಿಲ್ಲ, ಮಗುವಿಗೆ ಅದಲ್ಲದೆ ಬೇರೆ ತಿಳಿಯದು. ಕೊನೆಯಲ್ಲಿ ಅವಳು ಲಿಂಗದಲ್ಲಿ ಒಂದಾಗುವಾಗ ತಂದೆಯ ಕೈಗೆ ಸಿಗುವುದು ಬರಿಯ ತಲೆಗೂದಲು. ದೊಡ್ಡವರು ಕಾಣದ್ದನ್ನು ಕಂಡ ಮಗು, ಹೇಳಿದರೂ ನಂಬದ ಹಿರಿಯರು, ನಂಬಿದ ಒಂದೇ ಒಂದು ಆಸರೆ: ಪಾತ್ರದ ಹಾಳೆಯ ಅಂಕಣಗಳೆಲ್ಲವೂ ಹರಿಹರನಲ್ಲಿ ತುಂಬಿವೆ.

ಯು. ಆರ್. ಅನಂತಮೂರ್ತಿ ಅವರ ‘ಘಟಶ್ರಾದ್ಧ’ದ ಬಾಲಕನಲ್ಲಿ ಇದೇ ಪಾತ್ರ ದೇವರ ನೆರವಿಲ್ಲದೆ ಮರಳಿ ಬರುತ್ತದೆ. 1977ರಲ್ಲಿ ಗಿರೀಶ ಕಾಸರವಳ್ಳಿ ಅದನ್ನು ಚಲನಚಿತ್ರವಾಗಿಸಿದಾಗಲೂ ಕಣ್ಣು ಆ ಬಾಲಕನದೇ. ವೇದಪಾಠಕ್ಕೆಂದು ಬಂದ ಹುಡುಗನಿಗೆ ಆಸರೆಯಾದವಳು ಗುರುವಿನ ಮಗಳು, ವಿಧವೆ ಯಮುನಕ್ಕ. ಊರು ಅವಳನ್ನು ಬಹಿಷ್ಕರಿಸುತ್ತದೆ. ಹುಡುಗ ಎಲ್ಲವನ್ನೂ ಕಂಡಿದ್ದಾನೆ, ಒಂದನ್ನೂ ತಡೆಯಲಾರ. ಅವನು ಬಲಹೀನನೆಂಬ ಕಾರಣದಿಂದ ಕಥೆ ತಾಗುವುದಿಲ್ಲ. ಅವನನ್ನು ಕೇಳುತ್ತಿದ್ದ ಒಬ್ಬಳೇ ಒಬ್ಬಳನ್ನು ಊರು ಕಿತ್ತುಕೊಂಡಿತು ಎಂಬುದರಿಂದ ತಾಗುತ್ತದೆ.

ಇಷ್ಟಾದ ಮೇಲೆ ಎರಡು ಆಕ್ಷೇಪಗಳು ಏಳಬಹುದು. ಆಟವೆಂಬುದು ಬಿಡುವಿನ ಸಂತೋಷಕ್ಕೆ; ಅದರ ಹಾಳೆಗೆ ಹರಿಹರನನ್ನೂ ಅನಂತಮೂರ್ತಿಯವರನ್ನೂ ಕರೆತರುವುದು ನೊಣಕ್ಕೆ ಕೊಡಲಿ ಎತ್ತಿದಂತಲ್ಲವೇ ಎಂಬುದು ಒಂದು. ಮಕ್ಕಳ ಪಾತ್ರವೇ ಇಷ್ಟು ತೊಡಕಿನದಾದರೆ ಅದನ್ನು ಬಿಟ್ಟು ದೊಡ್ಡವರ ಪಾತ್ರಗಳನ್ನೇ ಕಟ್ಟಿಕೊಂಡರಾಯಿತಲ್ಲ ಎಂಬುದು ಇನ್ನೊಂದು. ಮೊದಲನೆಯದಕ್ಕೆ ತಾಳಮದ್ದಳೆಯೇ ಉತ್ತರ. ಗದ್ದೆಯ ಕೆಲಸ ಮುಗಿಸಿ ಬಂದವರು ಇರುಳು ಕುಳಿತು ನಡೆಸಿದ ಬಿಡುವಿನ ಕೂಟಗಳಲ್ಲಿಯೇ ಕರ್ಣನಿಗೂ ವಾಲಿಗೂ ಗ್ರಂಥಗಳಲ್ಲಿಲ್ಲದ ಹೊಸ ಮಾತುಗಳು ದೊರಕಿದವು. ಬಿಡುವಿನಲ್ಲಿ ಆಡುವ ಪಾತ್ರ ಹಗುರವಾಗಿರಬೇಕೆಂದು ಯಾವ ಅರ್ಥಧಾರಿಯೂ ಒಪ್ಪಲಿಲ್ಲ. ಎರಡನೆಯದಕ್ಕೆ ಉತ್ತರ ಇನ್ನೂ ಸರಳ: ಮಕ್ಕಳಿಲ್ಲದ ಊರು ಕಥೆಯಲ್ಲಿಯೂ ಊರಲ್ಲ. ಅವರನ್ನು ಬಿಟ್ಟು ಕಟ್ಟಿದ ಲೋಕದಲ್ಲಿ ಅವರಿಗೆ ಆದದ್ದೂ ಲೆಕ್ಕಕ್ಕೆ ಬಾರದೆ ಹೋಗುತ್ತದೆ.

ಆದದ್ದು ಎಂಬ ಮಾತು ಕಾಸರಗೋಡಿನಲ್ಲಿ ಬರಿಯ ಊಹೆಯಲ್ಲ. ಸ್ವೀಡನ್ನಿನ ಆಟದ ಪುಸ್ತಕ ತನ್ನ ದ್ವೀಪಗಳ ಜತೆಗೆ ಅಮೆರಿಕದ ಬೋಲ್ಡರ್ ಸಿಟಿಯನ್ನೂ ಇನ್ನೊಂದು ನೆಲವಾಗಿ ಕೊಟ್ಟಿದೆ. ಅದೇ ಹಾಳೆಯನ್ನು ಮೂರನೆಯ ನೆಲಕ್ಕೆ ಒಯ್ಯಲು ಅಡ್ಡಿಯೇನೂ ಇಲ್ಲ. ಕಾಲ ಅದೇ 1980ರ ದಶಕ. 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಗಿದೆ. ಎಣ್ಮಕಜೆಯ ಕಡೆಯ ಗುಡ್ಡಗಳಲ್ಲಿ ಗೇರುಮರಗಳ ಸರ್ಕಾರಿ ತೋಟ; ಕೆಳಗೆ ಮುರಕಲ್ಲಿನ ಗುಡ್ಡವನ್ನು ಅಡ್ಡಕ್ಕೆ ಕೊರೆದು ನೀರು ಹರಿಸಿಕೊಂಡ ಸುರಂಗಗಳು, ಆ ನೀರನ್ನೇ ನಂಬಿದ ಮನೆಗಳು. ವರ್ಷದ ಕೆಲವು ದಿನ ಆಕಾಶದಲ್ಲಿ ಹೆಲಿಕಾಪ್ಟರ್ ಬರುತ್ತದೆ, ಗೇರಿನ ಮೇಲೆ ಎಂಡೋಸಲ್ಫಾನ್ ಸಿಂಪಡಿಸುತ್ತದೆ. ದೊಡ್ಡ ಯಂತ್ರ, ಸರ್ಕಾರದ ಭರವಸೆ, ಏನೂ ಆಗದೆಂದು ನಂಬಿದ ಹಿರಿಯರು: ದ್ವೀಪಗಳ ಕಲಾವಿದ ಕಲ್ಪಿಸಿಕೊಂಡದ್ದು ಇಲ್ಲಿ ಕಲ್ಪನೆಯಾಗಿರಲಿಲ್ಲ. 1970ರ ದಶಕದ ಕೊನೆಯ ಭಾಗದಿಂದ 2000ದವರೆಗೆ ಆ ಸಿಂಪಡಣೆ ನಡೆಯಿತು. ಅಂಗವೈಕಲ್ಯದಿಂದಲೂ ಬೆಳವಣಿಗೆಯ ತೊಂದರೆಗಳಿಂದಲೂ ನರಳಿದ ಮಕ್ಕಳ ಮನೆಗಳು ಒಂದರ ಹಿಂದೆ ಒಂದರಂತೆ ಬೆಳಕಿಗೆ ಬಂದವು. ಸುಪ್ರೀಂ ಕೋರ್ಟು ಈ ಕೀಟನಾಶಕವನ್ನು ದೇಶದಾದ್ಯಂತ ತಡೆದದ್ದು 2011ರಲ್ಲಿ. ಅಂಬಿಕಾಸುತನ್ ಮಾಂಙಾಡ್ ಅವರು ಮಲಯಾಳದಲ್ಲಿ ಬರೆದ ‘ಎಣ್ಮಕಜೆ’ ಎಂಬ ಕಾದಂಬರಿ ಈ ನೋವಿನ ಕಥೆ.

ಈ ನೆಲದಲ್ಲಿ, ಈ ಕಾಲದಲ್ಲಿ ಒಂದು ಮಗುವಿನ ಪಾತ್ರವನ್ನು ಕಟ್ಟುವುದಾದರೆ ಅದು ಹೇಗಿರಬಹುದು? ವಯಸ್ಸು ಹನ್ನೊಂದು, ಹುಡುಗಿ, ಕನ್ನಡ ಶಾಲೆಯ ವಿದ್ಯಾರ್ಥಿನಿ. ಹೆಸರನ್ನು ಆಡುವವರೇ ಇಡಲಿ. ಹಂಚಲು ಹನ್ನೊಂದು ಅಂಕ: ದೇಹಕ್ಕೆ ಎರಡು, ತಂತ್ರಕ್ಕೆ ಒಂದು, ಹೃದಯಕ್ಕೆ ನಾಲ್ಕು, ಬುದ್ಧಿಗೆ ನಾಲ್ಕು. ಅದೃಷ್ಟಕ್ಕೆ ಉಳಿದದ್ದು ನಾಲ್ಕು. ಸದಾ ಜತೆಯಲ್ಲಿರುವ ವಸ್ತು, ಗಲ್ಫಿನಿಂದ ಮಾವ ತಂದುಕೊಟ್ಟ ಟಾರ್ಚು. ಗೆಳೆಯರೊಡನೆ ಸೇರುವ ಗುಟ್ಟಿನ ಜಾಗ, ನೀರು ಬತ್ತಿ ಬಿಟ್ಟುಬಿಟ್ಟ ಹಳೆಯ ಸುರಂಗದ ಬಾಯಿ. ಹಂಬಲ, ಈ ವರ್ಷ ಜೇನ್ನೊಣ ಯಾಕೆ ಕಾಣಿಸುತ್ತಿಲ್ಲವೆಂದು ತಿಳಿಯಬೇಕು ಎಂಬುದು. ಹೆಮ್ಮೆ, ಮನೆಯ ತುಳು, ಶಾಲೆಯ ಕನ್ನಡ, ಬಸ್ಸಿನ ಮಲಯಾಳ ಮೂರನ್ನೂ ಒಂದೇ ಉಸಿರಿನಲ್ಲಿ ಆಡಬಲ್ಲೆನೆಂಬುದು.

ತೊಂದರೆಯೆಂಬ ಅಂಕಣದಲ್ಲಿ ಗಡಿನಾಡಿನ ಮಗುವಿಗೆ ಮಾತ್ರ ಬರಬಹುದಾದ ಒಂದು ಸಾಲನ್ನು ಬರೆಯಬಹುದು. ಈ ಹುಡುಗಿಯ ಅಜ್ಜಿಗೆ ಮಲಯಾಳ ಓದಲು ಬಾರದು. ಕಚೇರಿಗೆ ಹೋಗುವಾಗ ಅಜ್ಜಿ ಮೊಮ್ಮಗಳನ್ನು ಕರೆದೊಯ್ಯುತ್ತಾಳೆ. ಫಲಕವನ್ನು ಓದುವವಳು, ಅರ್ಜಿಯನ್ನು ತುಂಬುವವಳು, ಗುಮಾಸ್ತರ ಮಾತನ್ನು ತುಳುವಿಗೆ ತಿರುಗಿಸುವವಳು ಇವಳೇ. ಕಳೆದ ತಿಂಗಳು ತೋಟದ ಕಡೆಯಿಂದ ಬಂದ ಸೂಚನೆಯೊಂದನ್ನು ಓದಿ ಹೇಳುವಾಗ ಒಂದು ಪದ ಅವಳಿಗೆ ತಿಳಿಯಲಿಲ್ಲ. ತಿಳಿಯದೆಂದು ಹೇಳಲು ಹೆಮ್ಮೆ ಬಿಡಲಿಲ್ಲ. ಏನೂ ಇಲ್ಲ ಅಜ್ಜಿ, ಎಂದುಬಿಟ್ಟಳು. ಆ ದಿನ ಬಾವಿಯನ್ನು ಯಾರೂ ಮುಚ್ಚಲಿಲ್ಲ. ಇದನ್ನು ಅವಳು ಇದುವರೆಗೆ ಯಾರಿಗೂ ಹೇಳಿಲ್ಲ.

ಇಂಥ ಪಾತ್ರದಲ್ಲಿ ದೊಡ್ಡವರ ಹಾಳೆಯಿಂದ ಕಳೆದದ್ದು ಯಾವುದು? ತೋಳಿನ ಬಲ ಕಡಿಮೆಯಿರಬಹುದು, ಆದರೆ ಆ ಮನೆಯಲ್ಲಿ ಅಕ್ಷರದ ಅಧಿಕಾರ ಇರುವುದು ಅವಳೊಬ್ಬಳ ಕೈಯಲ್ಲಿ. ಸ್ವೀಡನ್ನಿನ ಆಟದಲ್ಲಿ ದೊಡ್ಡವರು ಮಕ್ಕಳ ಲೋಕದಿಂದ ದೂರವಿರುವವರು. ಗಡಿಯ ಮನೆಗಳಲ್ಲಿ ಎಷ್ಟೋ ವೇಳೆ ದೊಡ್ಡವರಿಗೂ ಲೋಕಕ್ಕೂ ನಡುವೆ ನಿಂತ ಸೇತುವೆ ಮಗು. ಮಾತನ್ನು ದಾಟಿಸುವಾಗ ಅವಳ ದನಿ ಎಲ್ಲರಿಗೂ ಬೇಕು. ತಾನು ಕಂಡದ್ದನ್ನು ಹೇಳುವಾಗ ಅದೇ ದನಿ ಯಾರಿಗೂ ಬೇಡ. ಈ ಇಬ್ಬಂದಿಯನ್ನು ಯಾವ ಪರದೇಶದ ಪುಸ್ತಕವೂ ಬರೆದುಕೊಡಲಾರದು. ಅದನ್ನು ಬಲ್ಲವರು ಈ ನೆಲದ ಕನ್ನಡ ವಿದ್ಯಾರ್ಥಿಗಳು, ಏಕೆಂದರೆ ಅಂಥ ಮೊಮ್ಮಕ್ಕಳಾಗಿಯೇ ಅವರಲ್ಲಿ ಅನೇಕರು ಬೆಳೆದಿದ್ದಾರೆ.

ಇಲ್ಲಿ ಎಚ್ಚರವೂ ಬೇಕು. ಎಂಡೋಸಲ್ಫಾನಿನಿಂದ ನೊಂದ ಮಕ್ಕಳೂ ಅವರನ್ನು ಇಂದಿಗೂ ಎತ್ತಿ ಸಲಹುತ್ತಿರುವ ತಾಯಂದಿರೂ ಕಥೆಯ ಸಾಮಗ್ರಿಯಲ್ಲ, ನೆರೆಹೊರೆಯವರು. ನೊಂದ ಮಗುವನ್ನು ವಿಕಾರದ ವಸ್ತುವಾಗಿಯೋ ಅಳು ಬರಿಸುವ ಉಪಾಯವಾಗಿಯೋ ಮೇಜಿನ ಮೇಲೆ ತಂದರೆ ಅದು ಲೋಹಿತಾಶ್ವನ ಮಾದರಿಯ ಅತ್ಯಂತ ಕೀಳು ರೂಪವಾದೀತು. ಪಾತ್ರದಾಟಗಳಲ್ಲಿ ಇದಕ್ಕಾಗಿಯೇ ರೂಢಿಗೆ ಬಂದ ಒಂದು ಏರ್ಪಾಡಿದೆ. 2013ರಲ್ಲಿ ಜಾನ್ ಸ್ಟಾವ್ರೋಪೌಲೋಸ್ ಸೂಚಿಸಿದ ‘ಎಕ್ಸ್ ಕಾರ್ಡ್’ ಎಂಬ ಚೀಟಿಯನ್ನು ಮೇಜಿನ ನಡುವೆ ಇಟ್ಟಿರುತ್ತಾರೆ. ಯಾವ ಆಟಗಾರನಿಗಾದರೂ ಕಥೆ ಸಾಗಿದ ದಾರಿ ಸಹಿಸದಾದರೆ ಆತ ಅದನ್ನು ಮುಟ್ಟಿದರೆ ಸಾಕು. ಕಾರಣ ಕೇಳುವಂತಿಲ್ಲ, ವಾದಿಸುವಂತಿಲ್ಲ. ಆ ಎಳೆಯನ್ನು ಬಿಟ್ಟು ಕಥೆ ಬೇರೆ ದಾರಿ ಹಿಡಿಯಬೇಕು. ತನಗೆ ನೋವಾಯಿತೆಂದು ಹೇಳಿದವರನ್ನು ಪುರಾವೆ ಕೇಳದೆ ನಂಬುವ ಈ ಕ್ರಮ, ಮಕ್ಕಳ ಪಾತ್ರಗಳನ್ನು ಆಡುವ ಮೇಜಿಗೆ ಎಲ್ಲಕ್ಕಿಂತ ಹೆಚ್ಚು ಒಪ್ಪುತ್ತದೆ.

ನಿಜದಲ್ಲಿ ಮಕ್ಕಳು ಸತ್ತ ನೆಲದಲ್ಲಿ ಮಕ್ಕಳು ಸಾಯದ ಆಟವನ್ನು ಆಡುವುದು ಸುಳ್ಳಾಗದೇ ಎಂದು ಕೇಳುವವರಿದ್ದಾರೆ. ಪ್ರಶ್ನೆ ಪ್ರಾಮಾಣಿಕವಾದದ್ದು. ಆದರೆ ಆ ನಿಯಮ ಸಾವನ್ನು ಅಲ್ಲಗಳೆಯುವುದಿಲ್ಲ. ಸಾವನ್ನು ಕಥೆಯ ಸುಲಭದ ಮುಕ್ತಾಯವಾಗಿ ಬಳಸದಂತೆ ತಡೆಯುತ್ತದೆ. ಮಗು ಉಳಿದಿರುವುದರಿಂದ ಕಥೆಗಾರ ಅದರ ಮುಂದಿನ ಮಾತನ್ನು ಕೇಳಲೇಬೇಕಾಗುತ್ತದೆ. ಜೇನ್ನೊಣ ಯಾಕಿಲ್ಲವೆಂದು ಹುಡುಗಿ ಕೇಳಿದ್ದಕ್ಕೆ ಮೇಜಿನ ಸುತ್ತ ಕುಳಿತ ದೊಡ್ಡವರು ಉತ್ತರ ಹುಡುಕಲೇಬೇಕಾಗುತ್ತದೆ.

ಇದಕ್ಕೆ ಖರ್ಚೇನೂ ಇಲ್ಲ. ಆರು ಮುಖದ ನಾಲ್ಕಾರು ದಾಳ, ಕೆಲವು ಹಾಳೆ, ಒಂದು ಮಧ್ಯಾಹ್ನ ಸಾಕು. ಕನ್ನಡ ವಿಭಾಗದ ಕೊಠಡಿಯೊಂದರಲ್ಲಿ ಐದು ಮಂದಿ ವಿದ್ಯಾರ್ಥಿಗಳು ಕುಳಿತು ತಮ್ಮೂರಿನ ಐದು ಮಕ್ಕಳನ್ನು ಕಟ್ಟಿದರೆ, ಪಾತ್ರಚಿತ್ರಣವೆಂದು ಪರೀಕ್ಷೆಯಲ್ಲಿ ಬರೆಯುವ ಉತ್ತರಕ್ಕಿಂತ ಹೆಚ್ಚಿನದನ್ನು ಕಲಿತಾರು. ಅವರೆಲ್ಲರೂ ಹದಿನಾರನ್ನು ದಾಟಿದವರು; ಆಟದ ನಿಯಮದಂತೆ ಅವರ ಅದೃಷ್ಟದ ಅಂಕಗಳು ಮುಗಿದಿವೆ, ಮಕ್ಕಳ ಬಳಗದಿಂದ ಅವರು ಹೊರಬಿದ್ದಿದ್ದಾರೆ. ಅವರಿಗೆ ಉಳಿದ ಸ್ಥಾನ ಆಸರೆಯ ಅಂಕಣದ್ದು.

ಮೇಲಿನ ಹುಡುಗಿಯ ಹಾಳೆಯಲ್ಲಿಯೂ ಆ ಅಂಕಣ ಇನ್ನೂ ಖಾಲಿಯಿದೆ. ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಚಿಕ್ಕಮ್ಮನ ಹೆಸರನ್ನು ಅಲ್ಲಿ ಬರೆಯಬಹುದು. ಅವಳಿಗೆ ಓದು ಬಾರದಿರಬಹುದು, ಕಚೇರಿಯಲ್ಲಿ ಅವಳ ಮಾತು ನಡೆಯದಿರಬಹುದು. ಆದರೆ ಹುಡುಗಿ ಬಂದು ಪಕ್ಕದಲ್ಲಿ ಕುಳಿತು, ಆ ದಿನ ಒಂದು ಪದ ನನಗೆ ಗೊತ್ತಾಗಲಿಲ್ಲ ಚಿಕ್ಕಮ್ಮ ಎಂದಾಗ, ಅವಳು ಕೈಯಲ್ಲಿದ್ದ ಎಲೆಯನ್ನು ಮೊರದ ಮೇಲಿಟ್ಟು, ಯಾವ ಪದ ಮಗಾ, ಎಂದು ಕೇಳುವವಳಾಗಿರಬೇಕು. ಅಷ್ಟು ಗೊತ್ತಾದ ಮೇಲೆ ಅಂಕಗಳನ್ನು ತುಂಬಲು ತಡವಾಗದು.